ಜೊತೆಗೆ ಉಂಡವರ ಹೆಸರು

ಕಮಲಾಪುರ
೧೪-೯-೨೦೨೫, ರವಿವಾರ

ಚಿರಂಜೀವಿ ಯಶೋಧರಾಳಿಗೆ ನಿನ್ನ ಅಂಬವ್ವ ಚಿಗವ್ವ ಮಾಡುವ ಆಶೀರ್ವಾದಗಳು.

ಮೊದಲು ಕ್ಷೇಮ ಸಮಾಚಾರ ಬರೆಯಬೇಕು, ಗೊತ್ತು. ಆದರೆ ನಿನ್ನೆ ಮಧ್ಯಾಹ್ನ ಬಿದ್ದ ಕನಸು ಹೇಳದೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಉಂಡು ಸ್ವಲ್ಪ ಅಡ್ಡಾಗಿದ್ದೆ. ನಿಮ್ಮವ್ವ ಸಾವಿತ್ರಿ ನಮ್ಮ ಅಂಗಳದಲ್ಲಿ ನಿಂತಿದ್ದಳು. ಮಿಲ್ಲಿನಿಂದ ಸೀದಾ ಬಂದವಳ ಹಾಗೆ ತಲೆ, ಹುಬ್ಬು, ಸೆರಗು ಎಲ್ಲಾ ತೊಗರಿ ಧೂಳು. ‘ಅಂಬವ್ವ, ನೀರು ಕೊಡು’ ಎಂದಳು. ನಾನು ಒಳಗೆ ಹೋಗಿ ಲೋಟ ಹುಡುಕಿದೆ. ಒಂದು ಲೋಟ ತೆಗೆದರೆ ಇದು ನಮ್ಮ ಮನೆಯವರದು, ಇನ್ನೊಂದು ತೆಗೆದರೆ ಇದು ಮಗಳು ಸೃಷ್ಟಿಯದು, ಮತ್ತೊಂದು ಅತ್ತೆಯವರದು ಅನ್ನಿಸುತ್ತಿತ್ತು. ಕಡೆಗೆ ಹೊರಗಿನ ಗೂಡಿನಲ್ಲಿ ಬಾಳೆ ತೋಟದ ಆಳುಗಳಿಗೆಂದು ಇಟ್ಟ ಲೋಟ ಕೈಗೆ ಬಂತು. ತುಂಬಿಕೊಂಡು ಹೋದರೆ ಅಂಗಳದಲ್ಲಿ ಅವಳಿಲ್ಲ. ಎಚ್ಚರಾದಾಗ ಎಡಗೈ ಮುಷ್ಟಿ ಕಟ್ಟಿಕೊಂಡೇ ಇತ್ತು, ಬಿಡಿಸಲು ಬಲಗೈ ಹಚ್ಚಬೇಕಾಯಿತು. ನಿಮ್ಮವ್ವ ಬದುಕಿದ್ದಾಗ ಒಂದು ದಿನವೂ ನಮ್ಮ ಅಂಗಳಕ್ಕೆ ಬಂದವಳಲ್ಲ. ನಾನು ಕರೆದಿರಲಿಲ್ಲ.

ತಡವಾದದ್ದಕ್ಕೆ ಕ್ಷಮಿಸು. ನೀನು ಫೋನು ಮಾಡಿ ಎರಡು ತಿಂಗಳ ಮೇಲಾಯಿತು. ಕಲಬುರಗಿಯಲ್ಲಿ ಟಿ.ಬಿ. ವಿಭಾಗದಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿದೆ. ಕೈಗೆ ಟ್ಯಾಬ್ ಕೊಟ್ಟಿದ್ದಾರೆ, ರೋಗಿಗಳ ಮನೆಗೆ ಹೋಗಿ ಅವರು ಯಾರ ಜೊತೆ ಇದ್ದರು, ಯಾರ ಜೊತೆ ಉಂಡರು ಎಂದು ಕೇಳಿ ಹೆಸರು ತುಂಬಬೇಕು, ಆಮೇಲೆ ಆ ಹೆಸರಿನವರನ್ನೆಲ್ಲ ಹುಡುಕಿ ತಪಾಸಣೆ ಮಾಡಿಸಬೇಕು ಎಂದೆ. ಕೇಳಿ ನನ್ನ ಎದೆ ತುಂಬಿ ಬಂತು, ಹಿಂದೆಯೇ ಹೆದರಿಕೆಯೂ ಬಂತು. ನೀನು ಒಂದು ದಿನ ತಡೆಯಲಾರದೆ ನಿಮ್ಮವ್ವನ ಹಳೆಯ ಪುಟ ತೆಗೆದು ನೋಡಿದೆಯಂತೆ. ನಿಮ್ಮವ್ವ ಬರೆಸಿದ ಹೆಸರುಗಳಲ್ಲಿ ಮೊದಲನೆಯದು ನನ್ನದು. ಸಂಬಂಧ ಎಂಬಲ್ಲಿ ‘ತಂಗಿ’ ಎಂದಿತ್ತಂತೆ. ಅದರ ಮುಂದೆ, ‘ತಪ್ಪು ನಂಬರು, ತಪಾಸಣೆ ಆಗಿಲ್ಲ’.

‘ಚಿಗವ್ವ, ನೀ ತೋರಿಸ್ಕೊಂಡೀಯೋ ಇಲ್ಲೋ? ಈಗಾದ್ರೂ ಬಾ, ನಾನೇ ನಿಂತು ಎಕ್ಸ್‌ರೇ ಮಾಡಿಸ್ತೀನಿ’ ಎಂದೆ ನೀನು. ಅದಾದ ಮೇಲೆ ಇನ್ನೊಂದು ಕೇಳಿದೆ. ಅವ್ವನಿಗೆ ಈ ರೋಗ ಯಾರಿಂದ ಬಂತು ಎಂಬ ಜಾಗ ಖಾಲಿ ಇದೆ, ಮಿಲ್ಲಿನಲ್ಲಿ ಯಾರಾದರೂ ರೋಗದವರು ಹತ್ತಿರ ಇದ್ದರೇ ಎಂದು.

ನಾನು ‘ಇಲ್ಲವ್ವ, ನೆನಪಿಲ್ಲ’ ಎಂದು ಫೋನು ಇಟ್ಟೆ. ನೆನಪಿತ್ತು. ಅದನ್ನೇ ಬರೆಯಲು ಕೂತಿದ್ದೇನೆ. ಓದಿದ ಮೇಲೆ ನೀನು ನನ್ನನ್ನು ಚಿಗವ್ವ ಎಂದು ಕರೆಯುತ್ತೀಯೋ ಇಲ್ಲವೋ, ಆ ಒಂದೇ ಹೆದರಿಕೆಗೆ ಎರಡು ತಿಂಗಳು ಕಳೆದೆ. ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ.

ಫೋನಿನಲ್ಲಿ ಹೇಳಬಹುದಿತ್ತು ಅನ್ನಬೇಡ. ಫೋನು ಹಿಡಿದರೆ ಮನೆಯವರು ಯಾರದು ಎಂದು ಕೇಳುತ್ತಾರೆ, ಸೃಷ್ಟಿ ಕಿವಿ ಇಡುತ್ತಾಳೆ, ನನ್ನ ಬಾಯಿ ಬೇರೆ ಏನೋ ಹೇಳಿಬಿಡುತ್ತದೆ. ಬರೆಯುವುದೂ ಸುಲಭವಲ್ಲ. ನಾನು ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟವಳು, ಒತ್ತಕ್ಷರ ಬಂದಲ್ಲಿ ಕೈ ನಿಲ್ಲುತ್ತದೆ. ಹಾಳೆ ಸೃಷ್ಟಿಯ ಗಣಿತದ ನೋಟ್‌ಬುಕ್ಕಿನದು. ಒಂಬತ್ತನೇ ಇಯತ್ತೆಗೆ ಬಂದಮೇಲೆ ಆಕೆ ಹಾಳೆಗಳ ಲೆಕ್ಕವನ್ನೂ ಇಡುತ್ತಾಳೆ, ಏನು ಉತ್ತರ ಕೊಡಬೇಕೋ ಗೊತ್ತಿಲ್ಲ. ಇಲ್ಲಿ ಮಳೆ ಬಿಡುತ್ತಿಲ್ಲ. ಕೆಂಪು ಬಾಳೆಯ ಗೊನೆಗಳಿಗೆ ಕೋಲು ಆನಿಸಿದ್ದಾರೆ, ಗಾಳಿ ಬೀಸಿದರೆ ನಾನು ಎದ್ದೆದ್ದು ನೋಡುತ್ತೇನೆ, ನೋಡಿ ಏನು ಮಾಡುತ್ತೀ ಎಂದು ಮನೆಯವರು ಬೈಯುತ್ತಾರೆ. ಅತ್ತೆಯವರು ಜನವರಿಯಲ್ಲಿ ತೀರಿಕೊಂಡದ್ದು ನಿನಗೆ ಗೊತ್ತೇ ಇದೆ. ನಿಮ್ಮಪ್ಪನ ಮಂಡಿ ನೋವು ಹೇಗಿದೆ? ನಿನ್ನ ತಮ್ಮ ಪ್ರೇಮಕುಮಾರ ಊಟ ಸರಿಯಾಗಿ ಮಾಡುತ್ತಾನೋ ಇಲ್ಲವೋ? ನೋಡು, ಹೇಳಬೇಕಾದ್ದು ಬಿಟ್ಟು ಎಲ್ಲೆಲ್ಲೋ ಹೋಗುತ್ತಿದ್ದೇನೆ.

ನಾವಿಬ್ಬರೂ ನಂದೂರಿನ ಬೇಳೆ ಮಿಲ್ಲಿನಲ್ಲಿ ಇದ್ದೆವು ಎಂಬುದು ನಿನಗೆ ಗೊತ್ತು. ಹೇಗಿದ್ದೆವು ಎಂಬುದು ಪೂರ್ತಿ ಗೊತ್ತಿರಲಿಕ್ಕಿಲ್ಲ. ನಾನು ಏಳು ಗಂಟೆಗೆ ಕಮಲಾಪುರದಲ್ಲಿ ಬಸ್ಸು ಹತ್ತಿ ಪಕ್ಕದ ಸೀಟಿನ ಮೇಲೆ ಬುತ್ತಿಯ ಚೀಲ ಇಡುತ್ತಿದ್ದೆ. ಮಹಾಗಾಂವ ಕ್ರಾಸಿನಲ್ಲಿ ನಿಮ್ಮವ್ವ ಹತ್ತುತ್ತಿದ್ದಳು. ಕಂಡಕ್ಟರ್ ಯಂಕಪ್ಪ ದಿನಾ ‘ಆ ಚೀಲಕ್ಕೂ ಒಂದು ಟಿಕೆಟ್ ಹರೀಲೇನ್ರಿ’ ಎಂದು ನಗಾಡುತ್ತಿದ್ದ. ಕಲಬುರಗಿಯ ತನಕ ಭುಜಕ್ಕೆ ಭುಜ ಹಚ್ಚಿ ಕೂಡುತ್ತಿದ್ದೆವು. ಅಲ್ಲಿಂದ ಟಂಟಂ ಆಟೋದಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಎನ್ನುವ ಹಾಗೆ ನಂದೂರು. ಮಿಲ್ಲಿನಲ್ಲಿ ಬೇಳೆ ಆರಿಸಲು ಎದುರಾಬದುರು. ಮಧ್ಯಾಹ್ನ ಒಂದಕ್ಕೆ ಗೋಣಿಚೀಲ ಹಾಸಿ ಊಟ.

ಮೊದಲ ಕೆಲವು ತಿಂಗಳು ನಾನು ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದೆ. ಯಾಕೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಒಂದು ದಿನ ಬಸ್ಸಿನಲ್ಲಿ ನನ್ನ ಡಬ್ಬಿಯ ಮುಚ್ಚಳ ಸಡಿಲಾಗಿ ಪಲ್ಯವೆಲ್ಲ ಚೀಲಕ್ಕೆ ಚೆಲ್ಲಿತ್ತು. ನಿಮ್ಮವ್ವ ಏನೂ ಕೇಳಲಿಲ್ಲ. ತನ್ನ ತಾಟು ತಂದು ನಮ್ಮಿಬ್ಬರ ನಡುವೆ ಇಟ್ಟು ರೊಟ್ಟಿ ಮುರಿದಳು. ‘ಉಣ್ಣು. ಕಮಲಾಪುರದಿಂದ ಇಲ್ಲಿ ತನಕಾ ಯಾರೂ ನೋಡಾಕ ಬರಂಗಿಲ್ಲ’ ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು, ಆದರೂ ಮಾತಿನಲ್ಲಿ ಮುಳ್ಳು ಇರಲಿಲ್ಲ. ಅವತ್ತಿನಿಂದ ಆರು ವರ್ಷ ನಾವು ಒಂದೇ ತಾಟಿನಲ್ಲಿ ಉಂಡೆವು. ಅವಳ ಪುಂಡಿಪಲ್ಯ, ನನ್ನ ಜೋಳದ ರೊಟ್ಟಿ. ನೀನು ಸಣ್ಣವಳಿದ್ದಾಗ ಒಮ್ಮೆ ಮಿಲ್ಲಿಗೆ ಬಂದಿದ್ದೆ, ನೆನಪಿದೆಯಾ? ‘ಈಕಿ ನಿನ್ನ ಚಿಗವ್ವ’ ಎಂದು ನಿಮ್ಮವ್ವ ನಿನ್ನನ್ನು ನನ್ನ ಕಾಲಿಗೆ ಬೀಳಿಸಿದ್ದಳು.

ಆದರೆ ಮನೆಗೆ ಬಂದಮೇಲೆ ಡಬ್ಬಿ ತೊಳೆಯುವಾಗ ಅತ್ತೆ ಯಾರ ಜೊತೆ ಉಂಡೆ ಎಂದರೆ ಒಬ್ಬಳೇ ಅನ್ನುತ್ತಿದ್ದೆ. ನಿಮ್ಮವ್ವ ರವಿವಾರ ಫೋನು ಮಾಡಿದರೆ ಮೊದಲು ಜೈಭೀಮ್ ಅನ್ನುತ್ತಿದ್ದಳು, ನಾನು ಬರೀ ಹ್ಞೂಂ ಅನ್ನುತ್ತಿದ್ದೆ. ಮಿಲ್ಲಿನಲ್ಲಿ ನಮ್ಮ ಜೊತೆ ಕೂಡುತ್ತಿದ್ದ ಜಾಹೇದಾ ಒಂದು ದಿನ ಅದನ್ನು ಕೇಳಿಸಿಕೊಂಡವಳ ಹಾಗೆ ಹೇಳಿದಳು: ‘ಅಂಬಮ್ಮ, ನೀ ಬಸ್ಸಿಳಿದು ಮನಿಗೆ ಹೋಗೂದ್ರಾಗ ಬಾಯಿ ತೊಳಕೊಂಡು ಹೋಗ್ತಿ ಏನವಾ?’ ಎಲ್ಲರೂ ನಕ್ಕರು. ನಿಮ್ಮವ್ವ ನಗಲಿಲ್ಲ. ‘ಆಕಿ ಮನ್ಯಾಗ ಆಕಿ ಇರೂದು, ನೀ ಅಲ್ಲ. ಬಿಡು’ ಎಂದು ನನ್ನ ಪರ ಮಾತಾಡಿದಳು.

೨೦೨೨ರ ಮಳೆಗಾಲದಲ್ಲಿ ನನಗೆ ಕೆಮ್ಮು ಹತ್ತಿತು. ಮಿಲ್ಲಿನಲ್ಲಿ ಕೆಮ್ಮದವರು ಯಾರು? ತೊಗರಿಯ ಧೂಳು ಎಂದು ಬಿಟ್ಟೆ. ಎರಡು ತಿಂಗಳಿಗೆ ಸಂಜೆ ಜ್ವರ ಬರತೊಡಗಿತು, ಒಂದು ದಿನ ಬಚ್ಚಲಲ್ಲಿ ಉಗುಳಿದರೆ ರಕ್ತ. ಇಲ್ಲಿಯ ದವಾಖಾನೆಯಲ್ಲಿ ಕಫ ಪರೀಕ್ಷೆ ಮಾಡಿದರು. ಹೌದು ಯಶೋಧರಾ, ಟಿ.ಬಿ. ನನಗಿತ್ತು. ನಿಮ್ಮವ್ವನಿಗಿಂತ ಒಂದು ವರ್ಷ ಮೊದಲು ನನಗಿತ್ತು.

ನಿನ್ನ ಟ್ಯಾಬಿನಲ್ಲಿ ಅದು ನಿನಗೆ ಕಾಣದೆ ಹೋದದ್ದು ಯಾಕೆಂದರೆ ದವಾಖಾನೆಯಲ್ಲಿ ಮನೆಯವರು ತಮ್ಮ ಮೊಬೈಲ್ ನಂಬರು ಕೊಟ್ಟಿದ್ದರು. ನಿಮ್ಮವ್ವ ಬರೆಸಿದ್ದು ನನ್ನ ನಂಬರು. ಆ ಯಂತ್ರಕ್ಕೆ ನಂಬರು ಬೇರೆಯಾದರೆ ಮನುಷ್ಯರೂ ಬೇರೆ. ಇಷ್ಟು ದಿನ ಅದೇ ನನ್ನನ್ನು ಮುಚ್ಚಿ ಇಟ್ಟಿತು.

ರೋಗ ಗೊತ್ತಾದ ನಾಲ್ಕನೇ ದಿನ ಪ್ರೀತಿ ಎಂಬ ಹುಡುಗಿ ಮನೆಗೆ ಬಂದಳು. ಈಗ ನೀನು ಮಾಡುವ ಕೆಲಸವೇ ಅವಳದು. ಕಟ್ಟೆಯ ಮೇಲೆ ಕೂತು ಟ್ಯಾಬ್ ತೆಗೆದಳು. ಮೊದಲ ಪುಟದಲ್ಲಿ ಮನೆಯಲ್ಲಿ ಇರುವವರ ಹೆಸರು. ನಮ್ಮ ಮನೆಯವರು, ಸೃಷ್ಟಿ, ಅತ್ತೆ, ಎಲ್ಲರನ್ನೂ ಬರೆಸಿದೆ. ಆಮೇಲೆ ಬೆರಳು ಸರಿಸಿ ಎರಡನೇ ಪುಟ ತೆಗೆದಳು. ಮನೆಯ ಹೊರಗೆ ಯಾರ ಹತ್ತಿರ ಬಹಳ ಹೊತ್ತು ಇರುತ್ತೀರಿ, ಯಾರ ಜೊತೆ ಉಣ್ಣುತ್ತೀರಿ ಎಂದು ಕೇಳಿದಳು. ಅತ್ತೆ ಅಲ್ಲೇ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಆ ಮಾತು ಬಂದ ಕೂಡಲೇ ಮೊರದ ಸದ್ದು ನಿಂತಿತು.

‘ಒಬ್ಬಾಕೇ ಉಣ್ತೀನ್ರಿ’ ಎಂದೆ.

ಬಸ್ಸಿನಲ್ಲಿ ಪಕ್ಕಕ್ಕೆ ಯಾರು ಎಂದು ಕೇಳಿದಳು. ದಿನಕ್ಕೊಬ್ಬರು ಕೂಡುತ್ತಾರೆ ಎಂದೆ. ಮಿಲ್ಲಿನಲ್ಲಿ? ಎಲ್ಲರೂ ದೂರ ದೂರ ಎಂದೆ. ಆ ಹುಡುಗಿ ಒಳ್ಳೆಯವಳು. ನನ್ನ ಮುಖ ನೋಡಿ ಟ್ಯಾಬ್ ತೊಡೆಯ ಮೇಲೆ ಇಟ್ಟು ಮೆಲ್ಲಗೆ ಹೇಳಿದಳು: ‘ಅಕ್ಕಾರ, ನಿಮ್ಮ ಹೆಸರು ಅವರಿಗೆ ಹೇಳಂಗಿಲ್ಲ, ಅವರ ಹೆಸರು ನಿಮ್ಮ ಮನ್ಯಾಗ ಹೇಳಂಗಿಲ್ಲ. ಈಗ ಹೇಳಿದ್ರ ಅವರಿಗೆ ಬರೇ ಗುಳಿಗಿ ಸಾಕಾಗ್ತದ. ಯಾರರೆ ಇದ್ರ ಹೇಳ್ರಿ.’ ಎರಡು ಸಲ ಕೇಳಿದಳು. ಎರಡೂ ಸಲ ಯಾರೂ ಇಲ್ಲ ಎಂದೆ. ಅವಳು ‘ಯಾರೂ ಇಲ್ಲ’ ಎಂಬುದನ್ನು ಒತ್ತಿದಳು. ಪುಟ ಹಸಿರಾಯಿತು. ‘ಪೂರ್ತಿ ಆಯ್ತ್ರಿ’ ಎಂದು ಎದ್ದಳು.

ಮನೆಯವರನ್ನೂ ಅತ್ತೆಯನ್ನೂ ಸೃಷ್ಟಿಯನ್ನೂ ಕರೆದು ತಪಾಸಣೆ ಮಾಡಿದರು, ರೋಗ ಬರದ ಹಾಗೆ ಗುಳಿಗೆ ಕೊಟ್ಟರು. ಸೃಷ್ಟಿ ಗುಳಿಗೆ ನುಂಗುವಾಗ ದಿನಾ ಮುಖ ಸಿಂಡರಿಸುತ್ತಿದ್ದಳು, ನಾನು ಬಾಯಿ ತೆರೆಸಿ ನಾಲಿಗೆಯ ಕೆಳಗೆಲ್ಲ ನೋಡುತ್ತಿದ್ದೆ. ನನ್ನ ಮಗಳು ಉಳಿದಳು. ನನ್ನ ಭುಜಕ್ಕೆ ಭುಜ ಹಚ್ಚಿ ಕೂತವಳಿಗೆ ಒಂದು ಗುಳಿಗೆಯೂ ಸಿಗಲಿಲ್ಲ.

ಅತ್ತೆ ನನ್ನ ತಾಟು, ಲೋಟ ಬೇರೆ ಮಾಡಿ ಹೊರಗಿನ ಗೂಡಿನಲ್ಲಿ ಇಟ್ಟರು. ಗುಳಿಗೆ ಸುರುವಾಗಿ ಕೆಲವು ವಾರ ಕಳೆದರೆ ಯಾರಿಗೂ ಹತ್ತುವುದಿಲ್ಲ, ಹೀಗೆಲ್ಲ ಮಾಡಬೇಡಿರಿ ಎಂದು ಪ್ರೀತಿ ಬಂದು ಬುದ್ಧಿ ಹೇಳಿದಳು, ಅತ್ತೆ ಕೇಳಲಿಲ್ಲ. ಆರು ತಿಂಗಳು ಕಟ್ಟೆಯ ಮೇಲೆ ಕೂತು ಒಬ್ಬಳೇ ಉಂಡೆ. ತುತ್ತು ಎತ್ತುವಾಗ ನಿಮ್ಮವ್ವನ ತಾಟು ಕಣ್ಣ ಮುಂದೆ ಬರುತ್ತಿತ್ತು. ಆವಾಗಲಾದರೂ ಅವಳಿಗೆ ಫೋನು ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ಮಿಲ್ಲಿಗೆ ನನಗೆ ಟೈಫಾಯ್ಡ್ ಎಂದು ಹೇಳಿ ಕಳಿಸಿದ್ದೆ. ನಿಮ್ಮವ್ವ ಅದನ್ನು ನಂಬಿ ಯಂಕಪ್ಪನ ಕೈಯಲ್ಲಿ ಎರಡು ಸಲ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದಳು. ಟೈಫಾಯ್ಡಿನವರು ಖಾರ ತಿನ್ನಬಾರದು ಎಂದು ಖಾರ ಕಡಿಮೆ ಹಾಕಿದ್ದಳು.

ಗುಳಿಗೆ ಮುಗಿಸಿ ೨೦೨೩ರ ಫೆಬ್ರುವರಿಯಲ್ಲಿ ಮತ್ತೆ ಕೆಲಸಕ್ಕೆ ಹೋದೆ. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟೆ. ಮಹಾಗಾಂವ ಕ್ರಾಸಿನಲ್ಲಿ ನಿಮ್ಮವ್ವ ಮೆಟ್ಟಿಲು ಹತ್ತುವಾಗಲೇ ಕೆಮ್ಮಿದಳು. ಒಂದು ಕೆಮ್ಮಿಗೆ ನನಗೆ ತಿಳಿಯಿತು. ಎದೆಯ ಯಾವ ಜಾಗದಿಂದ ಅದು ಬರುತ್ತದೆ ಎಂಬುದು ಅದನ್ನು ಕೆಮ್ಮಿದವರಿಗೆ ಗೊತ್ತಾಗುತ್ತದೆ. ಅವಳು ಪಕ್ಕಕ್ಕೆ ಕೂತು ನನ್ನ ಮುಂಗೈ ಹಿಡಿದು, ಎಷ್ಟು ಸೊರಗಿದ್ದೀ ಎಂದು ನನಗೇ ಹೇಳಿದಳು.

ಕಫ ತೋರಿಸಿಕೋ ಎಂದು ಅವತ್ತೇ ಹೇಳಿದೆ. ಧೂಳಿನ ಕೆಮ್ಮು ಎಂದು ನಕ್ಕಳು. ವಾರ ಬಿಟ್ಟು ಮತ್ತೆ ಹೇಳಿದೆ. ಔಷಧದ ಅಂಗಡಿಯಿಂದ ಸಿರಪ್ ತಂದಿದ್ದೇನೆ ಎಂದಳು. ಮೂರನೇ ಸಲ ನಾನು ಸ್ವಲ್ಪ ಜೋರು ಮಾಡಿದಾಗ, ‘ನಿನಗ ಎಲ್ಲಾದಕ್ಕೂ ಹೆದರಿಕಿ. ಬಸ್ಸು ತಡ ಆದ್ರ ಉರುಳ್ಯಾದ ಅಂತಿ, ಮಗಳು ಸೀನಿದ್ರ ನ್ಯುಮೋನಿಯಾ ಅಂತಿ’ ಎಂದಳು. ಅದೂ ನಿಜವೇ. ಸಣ್ಣ ಸಣ್ಣದಕ್ಕೆ ಹೆದರಿ ಹೆದರಿ ನನ್ನ ಮಾತಿಗೆ ಬೆಲೆ ಉಳಿದಿರಲಿಲ್ಲ. ‘ನನಗೇ ಬಂದಿತ್ತು ಸಾವಿತ್ರಿ, ಅದಕ್ಕೇ ಹೇಳುತ್ತಿದ್ದೇನೆ’ ಎಂದಿದ್ದರೆ ಅವಳು ಅವತ್ತೇ ಹೋಗುತ್ತಿದ್ದಳು. ಆ ಒಂದು ಮಾತು ನಾಲ್ಕು ತಿಂಗಳು ನನ್ನ ಗಂಟಲಲ್ಲಿ ಇತ್ತು. ದಿನಾ ಮಹಾಗಾಂವದಿಂದ ಕಲಬುರಗಿಯ ತನಕ ಇತ್ತು.

ಅವಳು ತೋರಿಸಿಕೊಂಡದ್ದು ಜೂನಿನಲ್ಲಿ. ಆವಾಗ ಏನಾಗಿತ್ತು ಎಂಬುದು ನನಗಿಂತ ನಿನಗೆ ಗೊತ್ತು. ಎರಡೂ ಪುಪ್ಪುಸ ಹೋಗಿವೆ, ಬಹಳ ತಡ ಮಾಡಿದ್ದೀರಿ ಎಂದರಂತೆ.

ಅವತ್ತು ಸಂಜೆಯೇ ಅವಳ ಫೋನು ಬಂತು. ತನ್ನ ಸುದ್ದಿ ಎರಡು ಮಾತಿನಲ್ಲಿ ಮುಗಿಸಿದಳು. ಆಮೇಲೆ ಹೇಳಿದ್ದನ್ನು ಅವಳ ಬಾಯಲ್ಲಿ ಬಂದ ಹಾಗೆಯೇ ಬರೆಯುತ್ತೇನೆ: ‘ಯಾರ ಜೋಡಿ ಉಣ್ತಿ ಅಂತ ಕೇಳಿದ್ರು. ನಿನ್ನ ಹೆಸರೇ ಮೊದಲು ಬರೆಸೀನಿ. ತಂಗಿ ಅಂತ ಹೇಳೀನಿ, ಗೆಳತಿ ಅಂದ್ರ ಹಗುರ ತಗೋತಾರ. ಫೋನ್ ಬರ್ತದ, ಹೋಗಿ ತೋರಿಸ್ಕೋ. ಸೃಷ್ಟಿನ್ನೂ ಕರಕೊಂಡು ಹೋಗು. ನನ್ನಿಂದ ನಿಮಗೇನರೆ ಆದ್ರ ನಾ ತಡಕೊಳ್ಳಂಗಿಲ್ಲ.’

ನಾನು ಹ್ಞೂಂ ಎಂದೆ.

ಮೂರನೇ ದಿನ ಫೋನು ಬಂತು. ನಿಮ್ಮ ಸಂಪರ್ಕದವರೊಬ್ಬರಿಗೆ ರೋಗ ಇದೆ, ತಪಾಸಣೆಗೆ ಬನ್ನಿ, ನೀವು ಅಂಬಮ್ಮ ಅವರೇ ಅಲ್ಲವೇ ಎಂದು ಕೇಳಿದರು. ಹೋದರೆ ಹಳೆಯ ಪುಟ ತೆಗೆಯುತ್ತಾರೆ, ನಿನಗೇ ಮೊದಲು ಬಂದಿದೆ, ಇವಳ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂಬ ಹೆದರಿಕೆ. ರಾಂಗ್ ನಂಬರು ಎಂದು ಇಟ್ಟುಬಿಟ್ಟೆ. ನಿನಗೆ ಆ ಪುಟದಲ್ಲಿ ಕಂಡ ‘ತಪ್ಪು ನಂಬರು’ ಅದು. ನಂಬರು ಸರಿ ಇತ್ತು. ನಿಮ್ಮವ್ವನಿಗೆ ನನ್ನ ನಂಬರು ಬಾಯಿಪಾಠ ಇತ್ತು.

ಮರುವರ್ಷದ ಫೆಬ್ರುವರಿಯಲ್ಲಿ ಅವಳು ಹೋದಳು. ಮೂರನೇ ದಿನ ನಾನು ಮಹಾಗಾಂವಕ್ಕೆ ಬಂದಿದ್ದೆ. ದವಾಖಾನೆಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದಿದ್ದೆ. ನೀನು ನನ್ನ ತೊಡೆಯ ಮೇಲೆ ತಲೆ ಇಟ್ಟು ಅಳುತ್ತಿದ್ದೆ. ‘ಚಿಗವ್ವ, ಅವ್ವ ಕಡೀ ತನಕಾ ನಿನ್ನೇ ಕೇಳ್ತಿದ್ಳು, ಅಂಬವ್ವ ತೋರಿಸ್ಕೊಂಡಾಳೇನು ಅಂತ’ ಎಂದೆ. ನಾನು ನಿನ್ನ ತಲೆ ಸವರುತ್ತಾ ಹೂಂ ತೋರಿಸಿಕೊಂಡಿದ್ದೇನೆ ಎಂದೆ. ನಿಮ್ಮಪ್ಪ ಚಹಾ ಕೊಟ್ಟರು, ಕುಡಿದೆ. ಈಗ ಹೇಳು, ಆ ಚಹಾ ನನ್ನ ಒಳಗೆ ಹೇಗೆ ಇಳಿಯಿತು? ನನಗೆ ಇನ್ನೂ ಅರ್ಥವಾಗಿಲ್ಲ.

ಯಶೋಧರಾ, ನೀನು ಫೋನಿನಲ್ಲಿ ಹೇಳಿದ್ದೆ, ಈಗ ಮನೆಮನೆಗೆ ಹೋದರೆ ಹೆಂಗಸರು ಎರಡನೇ ಪುಟಕ್ಕೆ ಬಂದಾಗ ಸುಮ್ಮನಾಗುತ್ತಾರೆ, ಯಾಕೆಂದು ತಿಳಿಯುವುದಿಲ್ಲ ಎಂದು. ಕೆಲವರು ಗಂಡನ ಮುಂದೆ ಹೇಳಲಾರರು, ಕೆಲವರು ಓಣಿಯವರ ಮುಂದೆ ಹೇಳಲಾರರು. ಅವರನ್ನು ಒಂದಿಷ್ಟು ದೂರ, ಬಾವಿಯ ಕಡೆಗೋ ಬಸ್‌ಸ್ಟ್ಯಾಂಡ್ ಕಡೆಗೋ ಕರೆದುಕೊಂಡು ಹೋಗಿ ಕೇಳು. ನನಗಿಂತ ಓದಿದವಳು ನೀನು, ನಿನಗೆ ನಾನು ಹೇಳಿಕೊಡುವುದು ಅಲ್ಲ. ಆದರೆ ಆ ಪುಟದ ಮುಂದೆ ಕೂತವಳು ನಾನು.

ನನ್ನ ಗುಳಿಗೆಯ ಹಳೆಯ ಕಾರ್ಡು ಇದರೊಳಗೆ ಇಟ್ಟಿದ್ದೇನೆ. ಮೇಲೆ ನಂಬರು ಇದೆ, ಅದನ್ನು ಹಾಕಿದರೆ ನನ್ನ ಪುಟ ತೆರೆಯುತ್ತದೆ. ನಿಮ್ಮವ್ವನ ಪುಟದಲ್ಲಿ ಖಾಲಿ ಇರುವ ಜಾಗದಲ್ಲಿ ನನ್ನ ಹೆಸರು ತುಂಬು. ನನ್ನ ಪುಟದಲ್ಲಿ ‘ಯಾರೂ ಇಲ್ಲ’ ಎಂದಿರುವ ಕಡೆ ಇವರನ್ನು ಬರೆ: ಸಾವಿತ್ರಿಬಾಯಿ, ಮಹಾಗಾಂವ, ಒಂದೇ ತಾಟು, ಆರು ವರ್ಷ. ಜಾಹೇದಾ, ನಂದೂರು, ಎದುರಿಗೆ ಕೂಡುತ್ತಿದ್ದಳು. ಜಾಹೇದಾ ಇನ್ನೂ ಆ ಮಿಲ್ಲಿನಲ್ಲೇ ಇದ್ದಾಳೆ, ಅವಳೂ ಕೆಮ್ಮುತ್ತಾಳೆ. ಅವಳನ್ನು ಈ ವಾರವೇ ಹುಡುಕಿ ತಪಾಸಣೆ ಮಾಡಿಸು. ಯಾರು ಹೇಳಿದರು ಎಂದು ಕೇಳಿದರೆ ನನ್ನ ಹೆಸರು ಹೇಳು, ನಿಮ್ಮ ನಿಯಮದಲ್ಲಿ ಇಲ್ಲದಿದ್ದರೂ ಹೇಳು. ತಡವಾಯಿತು ಎಂದು ನನಗೆ ಗೊತ್ತು. ಆದರೂ ಬರೆ.

ನನ್ನ ಮೇಲೆ ಸಿಟ್ಟು ಬಂದರೆ ಇಟ್ಟುಕೋ. ಆದರೆ ಉಪವಾಸ ಇರಬೇಡ, ಬೆಳಿಗ್ಗೆ ತಿನ್ನದೆ ರೋಗಿಗಳ ಮನೆಗೆ ಹೋಗಬೇಡ, ಮುಖಕ್ಕೆ ಮಾಸ್ಕ್ ಹಾಕದೆ ಯಾರ ಹತ್ತಿರವೂ ಕೂಡಬೇಡ. ನಿನ್ನ ಕೈಯಿಂದ ನಾಲ್ಕು ಜನ ಬದುಕಲಿ. ನಿನಗೆ ಒಳ್ಳೆಯದಾಗಲಿ ಎಂದು ಹರಸುವ ಹಕ್ಕು ನನಗೆ ಇದೆಯೋ ಇಲ್ಲವೋ ತಿಳಿಯದು, ಹರಸುತ್ತೇನೆ. ನಿಮ್ಮಪ್ಪನಿಗೆ ಇದನ್ನು ಓದಿ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ಇಂತಿ,
ನಿನ್ನ ಅಂಬವ್ವ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಪ್ರೀತಿ ಬಂದಾಗ ಅತ್ತೆ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದರು, ಮೊರದ ಸದ್ದು ನಿಂತಿತು ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಮೂರು ವರ್ಷದಿಂದ ನನಗೆ ನಾನೇ ಹಾಗೆ ಹೇಳಿಕೊಂಡು ಬಂದೆ, ಈಗ ಬರೆಯುವಾಗಲೂ ಕೈಗೆ ಅದೇ ಬಂತು. ಅವತ್ತು ಸಂತೆ. ಅತ್ತೆ ಎಲೆ ಅಡಿಕೆ ತರುತ್ತೇನೆಂದು ಹತ್ತೂವರೆಗೇ ಚೀಲ ಹಿಡಿದು ಹೋಗಿದ್ದರು. ಮನೆಯವರು ತೋಟದಲ್ಲಿ, ಸೃಷ್ಟಿ ಶಾಲೆಯಲ್ಲಿ. ಕಟ್ಟೆಯ ಮೇಲೆ ಪ್ರೀತಿ ಮತ್ತು ನಾನು ಇಬ್ಬರೇ. ಕೇಳುವವರು ಯಾರೂ ಇರಲಿಲ್ಲ. ನಿಮ್ಮವ್ವನ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಅವಳ ಜೊತೆ ಒಂದೇ ತಾಟಿನಲ್ಲಿ ಉಣ್ಣುತ್ತೇನೆ ಎನ್ನಲಿಕ್ಕೆ ನನಗೇ ನಾಚಿಕೆಯಾಯಿತು. ಅತ್ತೆಗೆ ಹೆದರಿ ಅಲ್ಲ. ಈಗ ಅವರು ಸತ್ತಿದ್ದಾರೆ, ಇಲ್ಲ ಎನ್ನಲು ಬರುವುದಿಲ್ಲ ಎಂದು ಅವರ ಮೇಲೆ ಹಾಕಿದೆ.

ಆದರೂ ಒಂದು ಕೆಲಸ ಮಾಡು. ಆ ಟ್ಯಾಬಿನಲ್ಲಿ ಪುಟ ಮುಗಿಸಿದ ಹೊತ್ತು ತಾನಾಗಿಯೇ ಬೀಳುತ್ತದಂತೆ. ನನ್ನ ಪುಟ ತೆರೆದು ಹೊತ್ತು ನೋಡು. ಹತ್ತೂವರೆಯ ಮೇಲಿದ್ದರೆ ಈಗ ಬರೆದದ್ದೇ ಸರಿ. ಹತ್ತೂವರೆಯ ಒಳಗಿದ್ದರೆ ಅತ್ತೆ ಮನೆಯಲ್ಲಿ ಇದ್ದರು ಎಂದಾಗುತ್ತದೆ, ಹಾಗಿದ್ದರೆ ನನಗೆ ಒಂದು ಸಾಲು ಬರೆದು ತಿಳಿಸು. ಒಂದೇ ಸಲ ನೋಡಿ ಮುಚ್ಚಬೇಡ, ಇನ್ನೊಂದು ಸಲ ನೋಡು.